ಸುಲಿಯದ ನಿಂಬೆ, ಮುರಿಯದ ರೊಟ್ಟಿ

ತೋಬಿಯಸ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀಸದ ಬಿಳಿ ಬಣ್ಣವನ್ನು ಅರೆಯುತ್ತಿದ್ದ. ಪುಡಿಗೆ ಅಗಸೆ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಗುಂಡುಕಲ್ಲನ್ನು ಅವಸರವಿಲ್ಲದೆ ಸುತ್ತಿಸಬೇಕು. ಗರಗರ ಸದ್ದು ಅಡಗಿ ಬೆಣ್ಣೆ ಸವರಿದಂಥ ಸದ್ದು ಬರುವವರೆಗೆ ಕೈ ನಿಲ್ಲಿಸುವಂತಿಲ್ಲ. ಇನ್ನೇನು ಆ ಸದ್ದು ಬರಬೇಕು ಅನ್ನುವಾಗ ಆಲೀದಾ ಒಳಗೆ ಬಂದಳು. ಪ್ರಯಾಣದ ಮೇಲಂಗಿ ಹೊದ್ದಿದ್ದಳು. ನೇರವಾಗಿ ಕಿಟಕಿಯ ಪಕ್ಕದ ಮೇಜಿಗೆ ಹೋಗಿ, ತವರದ ತಟ್ಟೆಯಲ್ಲಿದ್ದ ನಿಂಬೆಯನ್ನೆತ್ತಿ ಅರ್ಧಕ್ಕೆ ಸುಲಿದು, ಸಿಪ್ಪೆಯ ಸುರುಳಿಯನ್ನು ಮೇಜಿನ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟಳು. ಆಮೇಲೆ ದುಂಡು ರೊಟ್ಟಿಯನ್ನೆತ್ತಿ ಒಂದು ತುತ್ತು ಕಚ್ಚಿ, ಅಗಿಯುತ್ತಲೇ, ಹಲ್ಲಿನ ಗುರುತು ಬೆಳಕಿಗೆ ಕಾಣುವ ಹಾಗೆ ತಿರುಗಿಸಿಟ್ಟಳು.

ಅರೆಯುವ ಕಲ್ಲು ನಿಂತುಹೋಯಿತು.

"ಅಮ್ಮಾವ್ರೇ, ಅದು ಬೆಳಿಗ್ಗೆ ತಾನೆ ಹಡಗಿಂದ ಇಳಿದ ಹಣ್ಣು. ಊರೆಲ್ಲ ಸುತ್ತಿ ತಂದಿದ್ದೆ."

"ಗೊತ್ತು."

"ಮತ್ತೆ ಎಂಜಲು ಯಾಕ್ ಮಾಡ್ತೀರಿ?"

"ಎಂಜಲಾಗದೆ ಇರೋ ಊಟದ ಚಿತ್ರಾನ ಈ ಮನೇಲಿ ಯಾರೂ ಬರೆಯೋ ಹಾಗಿಲ್ಲ. ಬಂದ ದಿನವೇ ಹೇಳಿದ್ದೆ." ಆಲೀದಾ ಬಾಯಿ ಒರೆಸಿಕೊಂಡಳು. "ಆಮ್‌ಸ್ಟರ್‌ಡಾಮಿಗೆ ಹೋಗಿ ಚಿತ್ರ ಬರೆಯೋಕೆ ಓಕ್ ಹಲಗೆ ತರ್ತೀನಿ. ಮೂರು ದಿನ. ಇದನ್ನ ಹೀಗೇ ಬರಿ. ಒಂದು ಚೂರೂ ಬದಲಾಯಿಸಬೇಡ."

ತೋಬಿಯಸ್ ನಕ್ಕ. ಮೂಗಿನ ಬಟ್ಟೆಯ ಹಿಂದಿನ ನಗು ಕಾಣಲಿಲ್ಲ, ಆದರೆ ಅವಳಿಗೆ ಕೇಳಿಸಿತು.

"ಹಾರ್ಲೆಮ್ಮಿನ ಚಿತ್ರಗಾರರದ್ದೆಲ್ಲ ಇದೇ ಹಾಡು. ಸುಲಿದ ನಿಂಬೆ ಅಂದ್ರೆ ನೋಡೋಕೆ ಚೆಂದ, ನಾಲಿಗೆಗೆ ಹುಳಿ; ಮಗುಚಿದ ಲೋಟ ಅಂದ್ರೆ ಮುಗಿದ ಆಯುಷ್ಯ; ಚೀಸಿನ ಮೇಲೆ ನೊಣ ಅಂದ್ರೆ ಸಾವು. ಜನಕ್ಕೆ ಪಾದ್ರಿಗಳ ಉಪದೇಶ ಸಾಲದೂಂತ ನಾವೂ ತಟ್ಟೇಲಿ ಬಡಿಸಬೇಕಾ?"

"ಊರಿನೋರಿಗೆ ಅದು ಉಪದೇಶ. ನಮಗೆ ಅದು ಬಾಗಿಲಿನ ಅಗುಳಿ," ಅಂದಳು ಆಲೀದಾ. ಹೊಸ್ತಿಲ ಹತ್ತಿರ ಒಮ್ಮೆ ನಿಂತಳು. ಇನ್ನೂ ಏನೋ ಹೇಳುವವಳಿದ್ದಳು. ಆದರೆ ಕಾಲುವೆಯಲ್ಲಿ ಕುದುರೆ ಎಳೆಯುವ ದೋಣಿಯ ಗಂಟೆ ಬಾರಿಸಿತು, ಅವಳು ಹೊರಟುಹೋದಳು.

ತೋಬಿಯಸ್ ಜೀಲಂಡ್ ಸೀಮೆಯ ಮಿಡಲ್‌ಬರ್ಗಿನವನು. ಹಾರ್ಲೆಮ್ಮಿಗೆ ಬಂದು ಏಳು ತಿಂಗಳಾಗಿತ್ತು. ಆಲೀದಾಳ ಗಂಡ ರೇನಿಯರ್ ಈ ಚಿತ್ರಶಾಲೆಯ ಯಜಮಾನನಾಗಿದ್ದ. ಅವನು ಕಾಣೆಯಾದ ಮೇಲೆ ಅವಳೇ ಕೆಲಸಗಾರರನ್ನಿಟ್ಟುಕೊಂಡು ನಡೆಸುತ್ತಿದ್ದಳು. ಅಕ್ಟೋಬರಿನಲ್ಲಿ ಸಂತ ಲೂಕನ ಹಬ್ಬದ ದಿನ ಚಿತ್ರಗಾರರ ಸಂಘದ ಹಿರಿಯರು ತೋಬಿಯಸ್‌ನ ಚಿತ್ರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅವನೂ ಗುರು. ತನ್ನ ಹೆಸರಿನಲ್ಲೇ ಬರೆಯಬಹುದು, ತನ್ನದೇ ಬಾಗಿಲಿಗೆ ಹೆಸರಿನ ಹಲಗೆ ತೂಗುಹಾಕಬಹುದು. ಅವನ ಅಂಗಿಯ ಒಳಜೇಬಿನಲ್ಲಿ ಅಕ್ಕ ಯೋಸಿನಾಗೆ ಬರೆದ ಕಾಗದವೊಂದಿತ್ತು. ಮಿಡಲ್‌ಬರ್ಗ್ ಬಿಡುವ ಮುಂಚೆಯೇ, ಜಂಬದಿಂದ, ಮುಂದಾಗಿ ಬರೆದಿಟ್ಟದ್ದು: 'ಅಕ್ಕಾ, ನಾನು ಗುರುವಾದೆ.' ದಿನಾಂಕದ ಜಾಗ ಖಾಲಿ. ನಿಜವಾಗುವವರೆಗೆ ಕಳಿಸಬಾರದೆಂದು ಏಳು ತಿಂಗಳಿಂದ ಒಂದು ಸಾಲನ್ನೂ ಅವಳಿಗೆ ಬರೆದಿರಲಿಲ್ಲ.

ಅಪ್ಪ ಅಮ್ಮ ಜ್ವರದಲ್ಲಿ ಹೋದ ಮೇಲೆ ಅವನನ್ನು ಸಾಕಿದವಳು ಆ ಅಕ್ಕ. ವ್ಯಾಪಾರಿಗಳ ಮನೆಯ ಊಟದ ಕೋಣೆ ತೊಳೆಯುವ ಕೆಲಸ ಅವಳದು. ಸಂಜೆ ಸೆರಗಿನಂಥ ಒಂದು ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು: ಯಾರೋ ಅರ್ಧ ತಿಂದ ರೊಟ್ಟಿ, ಯಾರೋ ಹಿಂಡಿ ಬಿಟ್ಟ ಹಣ್ಣು, ಅಂಚೆಲ್ಲ ಹಲ್ಲು ಹತ್ತಿದ ಚೀಸು. ತಟ್ಟೆಯನ್ನು ಇವನತ್ತ ತಳ್ಳಿ, "ನಂದಾಯ್ತು, ನೀ ತಿನ್ನು," ಅನ್ನುತ್ತಿದ್ದಳು. ಇಡಿಯಾದದ್ದು ಅಂತ ಒಂದನ್ನೂ ಅವನು ಹದಿನಾಲ್ಕು ವರ್ಷದವರೆಗೆ ತಿಂದವನಲ್ಲ. ಅದಕ್ಕೇ ಅವನ ಜೀವಕ್ಕೆ ಒಂದು ಹಟ ಹಿಡಿದಿತ್ತು. ಒಂದೇ ಒಂದು ಸಲ, ಯಾರ ಹಲ್ಲೂ ತಾಕದ ಊಟವೊಂದನ್ನು ಬರೆಯಬೇಕು. ಗುರುವಾಗುವುದಾದರೆ ಅದರಿಂದಲೇ ಆಗಬೇಕು.

ಅವನು ಸುಲಿದ ನಿಂಬೆಯನ್ನೂ ಕಚ್ಚಿದ ರೊಟ್ಟಿಯನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದ.

ಅಲ್ಲಿ ಮುದುಕಿ ಫೆಮ್ಮೆ ಉಪ್ಪುಮೀನಿನ ಹೊಟ್ಟೆ ಸೀಳುತ್ತಿದ್ದಳು. ಆ ಮನೆಯಲ್ಲಿ ಮೂವತ್ತು ವರ್ಷದಿಂದ ಒಲೆ ಉರಿಸಿದವಳು.

"ಅಜ್ಜಿ, ಇನ್ನೊಂದು ನಿಂಬೆ ಇದ್ಯಾ? ಇಡೀದು."

ಫೆಮ್ಮೆಯ ಚಾಕು ಮೀನಿನೊಳಗೇ ನಿಂತಿತು. "ಇಡೀದು ಯಾಕೆ?"

"ತಿನ್ನೋಕೆ ಅಂದ್ಕೋ."

"ತಿನ್ನೋನಾದ್ರೆ ಇಲ್ಲೇ ಕಚ್ಚು, ನನ್ ಕಣ್ಮುಂದೆ." ಅವಳು ದನಿ ತಗ್ಗಿಸಿದಳು. "ನೋಡು ಮಗಾ, ಪ್ಲೇಗಿನ ವರ್ಷ ಜರ್ಮನ್ ಸೀಮೆ ಯುದ್ಧದಿಂದ ಓಡಿಬಂದ ಹೆಂಗಸೊಬ್ಳು ಈ ಬಾಗಿಲಿಗೆ ಬಂದಿದ್ಳು. ಮೇಜಿನ ಮೇಲೆ ರೊಟ್ಟಿ ಇತ್ತು, ಹಕ್ಕಿ ಇತ್ತು, ನಿಂಬೆ ಇತ್ತು. ಒಂದು ಚೂರು ಕೇಳಿದ್ಳು. ಯಜಮಾನ್ರು 'ಮುಟ್ಟಬೇಡ, ಚಿತ್ರ ಮುಗೀಲಿ' ಅಂದ್ರು. ಒಂಬತ್ತು ದಿನ ಬಂದ್ಳು. ಒಂಬತ್ತು ದಿನಾನೂ ಅದೇ ಮಾತು. ಕೊನೇ ದಿನ ರೊಟ್ಟಿ ಹಸಿರಾಗಿತ್ತು, ಅವಳು ಹಳದಿಯಾಗಿದ್ಳು. ಸತ್ತ ಹಕ್ಕಿ ರೆಕ್ಕೆಯಿಂದ ಪುಕ್ಕ ಕಿತ್ತು, ತನ್ನ ಕೂದ್ಲಲ್ಲಿ ಹೆಣೆದು ಒಂದು ಬಳೆ ಮಾಡಿದ್ಳು. ಉಗುಳಿ ಮಂತ್ರ ಹಾಕಿದ್ಳು. 'ಬಾಯಿ ಹಾಕದ ಊಟದ ಮುಂದೆ ನೀನೂ ಕೂತಿರು' ಅಂದ್ಳು. ಆ ಬಳೇನ ಮನೇಲಿ ಎಲ್ಲಿ ಹುಗಿದ್ಳೋ, ಎಲ್ಲಾ ದಿಂಬು ಸೀಳಿ ನೋಡಿದ್ರೂ ಇವತ್ತಿನವರೆಗೆ ಸಿಕ್ಕಿಲ್ಲ."

"ಆಮೇಲೆ ಯಜಮಾನ್ರು?"

"ಹಡಗು ಹತ್ತಿ ಪೂರ್ವದ ದ್ವೀಪಗಳಿಗೆ ಹೋದ್ರು ಅಂತ ಊರು ಹೇಳುತ್ತೆ."

"ನೀನೇನ್ ಹೇಳ್ತೀಯ?"

"ನಾನು ಮೀನು ಸೀಳ್ತೀನಿ," ಅಂದಳು ಫೆಮ್ಮೆ. ತಲೆ ಎತ್ತಲಿಲ್ಲ.

ತೋಬಿಯಸ್ ಜೋರಾಗಿ ನಕ್ಕು, ಬುಟ್ಟಿಯಿಂದ ತಾನೇ ನಿಂಬೆ ಆರಿಸಿಕೊಂಡ. "ಪುಕ್ಕದ ಬಳೆಗೆ ಹೆದರಿದ್ರೆ ಕೋಳಿಗೂ ಕೈ ಮುಗೀಬೇಕಾಗುತ್ತೆ ಅಜ್ಜಿ." ಚಿತ್ರಶಾಲೆಗೆ ಹೋಗಿ ಯಾರೂ ಬರದಂತೆ ಒಳಗಿಂದ ಅಗುಳಿ ಜಡಿದುಕೊಂಡ.

ಊಟ ಇಟ್ಟ. ನಿಂಬೆಯ ಮೈಮೇಲೆ ಗೀರಿಲ್ಲ. ರೊಟ್ಟಿಯ ಹೊಟ್ಟೆ ಒಡೆದಿಲ್ಲ. ಚೀಸಿನ ಗುಂಡು ತುಂಬು ಚಂದ್ರನ ಹಾಗೆ. ಕಡಲ ಸಿಂಪಿಗಳು ಬಾಯಿ ಮುಚ್ಚಿಕೊಂಡೇ ಇದ್ದವು. ವೈನು ಲೋಟದ ಕಂಠದವರೆಗೆ. ಮಧ್ಯದಲ್ಲಿ ಬೆಳ್ಳಿ ಹೂಜಿ. ಚಾಕುವನ್ನು ತೆಗೆದು ಹಿಂದಕ್ಕೆ ಎಸೆದ. ಕತ್ತರಿಸುವುದೇ ಇಲ್ಲದ ಮೇಲೆ ಅದೇಕೆ?

ಹಲಗೆಯ ಮೇಲೆ ಕಂದು ಬಣ್ಣದ ಮೊದಲ ಪದರ ವಾರದ ಹಿಂದೆಯೇ ಒಣಗಿತ್ತು. ಆವತ್ತು ಅವನ ಕೈ ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ಹಳದಿಯ ಮೇಲೆ ಹಳದಿ, ಅದರ ಮೇಲೆ ತೆಳ್ಳನೆಯ ಹಸಿರು, ನಿಂಬೆಯ ಪ್ರತಿ ಗುಳಿಗೂ ಒಂದು ಬಿಳಿ ಚುಕ್ಕೆ. ರೊಟ್ಟಿಯ ಹೊರಪದರಕ್ಕೆ ಕೆಂಪು ಮಣ್ಣಿನ ಬಣ್ಣ. ಬಿಸಿಲು ಕಿಟಕಿಯ ಎರಡನೇ ಗಾಜಿಗೆ ಬರುವ ಹೊತ್ತಿಗೆ ಎಲ್ಲ ಮುಗಿದು, ಬೆಳ್ಳಿ ಹೂಜಿಯ ಹೊಟ್ಟೆಯೊಂದೇ ಉಳಿಯಿತು.

ಹೊಳೆಯುವ ಪಾತ್ರೆಯಲ್ಲಿ ಎದುರಿನ ಕೋಣೆಯೆಲ್ಲ ಬಾಗಿ ಕಾಣುತ್ತದೆ: ನಾಲ್ಕು ಗಾಜಿನ ಕಿಟಕಿ, ಡೊಂಕಾದ ಮೇಜು, ಅದರ ಹಿಂದೆ ಕೂತು ಬರೆಯುತ್ತಿರುವ ಚಿತ್ರಗಾರ. ಬಲ್ಲವರು ತಮ್ಮನ್ನೂ ಅಲ್ಲಿ ಕಡಲೆಕಾಳಿನಷ್ಟು ಬರೆದುಕೊಳ್ಳುತ್ತಾರೆ. ತೋಬಿಯಸ್ ಬರೆದುಕೊಂಡ. ಟೋಪಿಗೆ ಕಪ್ಪಿನ ಒಂದು ಒತ್ತು. ಮುಖಕ್ಕೆ ಮೈಬಣ್ಣದ ಒಂದು ಒತ್ತು. ಕಣ್ಣಿಗೆ ಎರಡು ಚುಕ್ಕೆ. ಕೈಗೆ ಒಂದೇ ಗೀಟು. ಬಾಯಿಗೆ ಜಾಗವಿರಲಿಲ್ಲ. ದೂರದಿಂದ ಮನುಷ್ಯ ಅನ್ನಿಸಿದರೆ ಸಾಕು; ಎಲ್ಲರೂ ಮಾಡುವುದು ಅಷ್ಟೇ.

ಕುಂಚ ಎತ್ತಿದ.

ಕಾಲುವೆಯ ಸದ್ದು ನಿಂತಿತು.

ಮೊದಲು ಅವನಿಗೆ ಕಿವಿ ಮುಚ್ಚಿತೇನೋ ಅನ್ನಿಸಿತು. ಆಮೇಲೆ ವಾಸನೆ. ಮೀನಿಲ್ಲ, ಹೊಗೆಯಿಲ್ಲ, ನಿಂಬೆಯ ಘಮವಿಲ್ಲ. ಅಗಸೆ ಎಣ್ಣೆ ಮಾತ್ರ. ಗಾಳಿಯೇ ಎಣ್ಣೆಯಾದ ಹಾಗೆ. ಕಿಟಕಿ ಎದುರಿಗಿತ್ತು, ಆದರೆ ಬಾಗಿತ್ತು. ಮೇಜು ಬಿಲ್ಲಿನಂತೆ ಡೊಂಕಾಗಿ ಅವನ ಎದೆಗೆ ಒತ್ತಿಕೊಂಡಿತ್ತು. ಅದರ ಮೇಲೆ ನಿಂಬೆ. ರೊಟ್ಟಿ. ಚೀಸು. ಒಂದೊಂದೂ ಅವನ ತಲೆಗಿಂತ ದೊಡ್ಡದು, ಒಂದೊಂದೂ ಇಡಿ. ಏಳಲು ನೋಡಿದ. ಕೆಳಗೆ ಕಾಲಿರಲಿಲ್ಲ. ಅವನು ಕಾಲು ಬರೆದಿರಲಿಲ್ಲ.

ಬೆನ್ನ ಹಿಂದೆ ಗೋಡೆಯಿರಲಿಲ್ಲ. ಕಂದು. ಬರೀ ಕಂದು ಕತ್ತಲೆ, ತಳವಿಲ್ಲದ್ದು.

ಕೂಗಬೇಕೆಂದ. ಕೂಗು ಗಂಟಲಿನವರೆಗೆ ಬಂತು, ಅಲ್ಲಿಂದ ಮುಂದೆ ದಾರಿಯಿರಲಿಲ್ಲ. ಮುಟ್ಟಿ ನೋಡಿಕೊಂಡ. ಕಣ್ಣಿನ ಕೆಳಗೆ ಗಲ್ಲದವರೆಗೆ ನುಣ್ಣಗಿತ್ತು. ಮುಟ್ಟಿದ ಕೈಯಲ್ಲಿ ಬೆರಳುಗಳೂ ಇರಲಿಲ್ಲ.

ಆಗ ಹಸಿವು ಶುರುವಾಯಿತು.

ಆ ಹಸಿವನ್ನು ಅವನು ಬಲ್ಲ. ಮಿಡಲ್‌ಬರ್ಗಿನ ಚಳಿಗಾಲದ್ದು. ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿಂದ ತಲೆಗೆ ಏರುವಂಥದ್ದು. ಕೈಯ ಗೀಟನ್ನು ರೊಟ್ಟಿಗೆ ಚಾಚಿದ. ಜಾರಿತು. ಮತ್ತೆ ಚಾಚಿದ. ಜಾರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಗಾದೆ ಹೇಳುತ್ತಾರೆ. ಅವನಿಗೆ ಕೈಯೂ ಇಲ್ಲ, ಬಾಯಿಯೂ ಇಲ್ಲ, ತುತ್ತು ಮಾತ್ರ ಇತ್ತು. ಬೆಳಕು ಸರಿಯಲೇ ಇಲ್ಲ. ಬಿಸಿಲು ಕಿಟಕಿಯ ಎರಡನೇ ಗಾಜಿನಲ್ಲೇ ನಿಂತಿತ್ತು, ಅವನು ನಿಲ್ಲಿಸಿದಲ್ಲೇ.

ಬಾಗಿದ ಗಾಜಿನಾಚೆ, ಬಹಳ ದೂರದಲ್ಲಿ, ನಿಜವಾದ ಕೋಣೆ ಕಾಣುತ್ತಿತ್ತು. ಖಾಲಿ ಕುರ್ಚಿ. ನೆಲದ ಮೇಲೆ ಕುಂಚ. ಅಲ್ಲಿ ಬೆಳಕು ಮಂಕಾಯಿತು, ಮತ್ತೆ ಬಂತು. ಬಾಗಿಲು ಅಲುಗುವುದು ಕಂಡಿತು. ಫೆಮ್ಮೆ ಬಡಿಯುತ್ತಿರಬೇಕು. ಅಗುಳಿ ಜಡಿದವನು ತಾನೇ. ಆ ಮೇಜಿನ ಮೇಲೆ ನಿಂಬೆಯ ಮಗ್ಗುಲು ಬೂದಿಬಣ್ಣಕ್ಕೆ ತಿರುಗಿತು, ಸಿಂಪಿಗಳು ಬಾಯಿ ತೆರೆದವು, ಒಂದು ನೊಣ ಬಂತು. ಒಳಗೆ ಮಾತ್ರ ನಿಂಬೆ ಹೊಳೆಯುತ್ತಲೇ ಇತ್ತು.

ಕಂದು ಕತ್ತಲೆಯಲ್ಲಿ ಯಾರೋ ಉಸಿರಾಡಿದರು.

ನೆಂದ ಪುಕ್ಕದ ವಾಸನೆ. ಒಣಗಿದ ಕಾಲು ನೆಲಕ್ಕೆ ಉಜ್ಜುವ ಸದ್ದು. ತಿರುಗಿ ನೋಡುವಂತಿಲ್ಲ, ಅವನ ಕಣ್ಣುಗಳು ಮುಂದಕ್ಕೆ ಇಟ್ಟ ಎರಡು ಚುಕ್ಕೆ. ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ತಣ್ಣನೆಯ ಉಸಿರು ಕಿವಿಗೆ ತಾಗಿತು.

"ಮುಟ್ಟಬೇಡ," ಅಂದಿತು ಒಂದು ಹೆಣ್ಣು ದನಿ, ಬಲು ನಯವಾಗಿ. "ಚಿತ್ರ ಮುಗೀಲಿ."

ಮತ್ತೆ ಎಷ್ಟೋ ಹೊತ್ತಿನ ಮೇಲೆ, "ಮುಟ್ಟಬೇಡ. ಚಿತ್ರ ಮುಗೀಲಿ."

ಅವಳ ಹೊಟ್ಟೆ ಗುರುಗುಟ್ಟಿತು. ಅವನದೂ. ಎರಡು ಹೊಟ್ಟೆ, ಒಂದು ಮೇಜು. ಅವನು ಅಕ್ಕನನ್ನು ನೆನೆದ. ತಟ್ಟೆಯನ್ನು ಈ ಕಡೆ ತಳ್ಳಿ, ಕೈಕಟ್ಟಿ ಕೂತು, ತಾನು ತಿನ್ನುವುದನ್ನೇ ನೋಡುತ್ತಿದ್ದ ಅಕ್ಕ. ಅವಳ ಗಂಟಲು ಉಗುಳು ನುಂಗುತ್ತಿದ್ದುದು ಈಗ ನೆನಪಾಯಿತು. ಆಗ ನೋಡಿರಲಿಲ್ಲವೇ? ನೋಡಿದ್ದ. ಕೇಳಿರಲಿಲ್ಲ. ಕೇಳಿದ್ದರೆ ತನ್ನ ಪಾಲು ಅರ್ಧವಾಗುತ್ತಿತ್ತು.

ದೂರದ ಬಾಗಿಲು ಒಡೆಯಿತು.

ಕೊಡಲಿ ಹಿಡಿದ ಫೆಮ್ಮೆ. ಅವಳ ಹಿಂದೆ ಮೇಲಂಗಿ ತೆಗೆಯದ ಆಲೀದಾ. ಆಲೀದಾ ಖಾಲಿ ಕುರ್ಚಿಯನ್ನು ನೋಡಲಿಲ್ಲ, ಕೊಳೆತ ಊಟವನ್ನು ನೋಡಲಿಲ್ಲ. ನೇರ ಚಿತ್ರದ ಮುಂದೆ ಬಂದು ಬಗ್ಗಿ ಹೂಜಿಯ ಹೊಟ್ಟೆಯೊಳಗೆ ನೋಡಿದಳು. ಆಕಾಶದಷ್ಟು ದೊಡ್ಡ ಕಣ್ಣು. ಎಲ್ಲಿ ನೋಡಬೇಕೆಂದು ಅವಳಿಗೆ ಗೊತ್ತಿತ್ತು.

ಅವಳು ಬೆರಳಿನಿಂದ ಬಣ್ಣ ಮುಟ್ಟಿ ನೋಡಿದಳು. ಮೂರು ದಿನ, ಎಣ್ಣೆ ಇನ್ನೂ ಅಂಟಂಟಾಗಿತ್ತು. ತುಟಿ ಅಲುಗಿತು. 'ಹಸಿ ಇದೆ,' ಅಂದಿರಬೇಕು.

ಮೊದಲು ರೊಟ್ಟಿ. ಒಣ ಕುಂಚದಿಂದ ಅಂಚು ಒರೆಸಿ, ಒಳಗಿನ ಬೆಳ್ಳನೆಯ ತಿರುಳು ಬರೆದಳು. ಒಳಗೆ, ತೋಬಿಯಸ್‌ನ ಮುಂದೆ, ಗುಡ್ಡದಂಥ ರೊಟ್ಟಿಯ ಒಂದು ಮೂಲೆ ಸದ್ದಿಲ್ಲದೆ ಮಾಯವಾಯಿತು. ಹಲ್ಲಿನ ಗುರುತು ಮೂಡಿತು. ಪಕ್ಕದ ಉಸಿರು ತಟ್ಟನೆ ಬಿಗಿಯಿತು.

ಆಮೇಲೆ ನಿಂಬೆ. ಆಲೀದಾಳ ಕೈ ಸರಾಗವಾಗಿ ಓಡಿತು. ಗಂಡನ ಚಿತ್ರಗಳ ಸಿಪ್ಪೆಯನ್ನೆಲ್ಲ ಬರೆದವಳು ಅವಳೇ ಇರಬೇಕು, ಹಾಗಿತ್ತು ಆ ಕೈ. ಹಳದಿ ಸುರುಳಿ ಬಿಚ್ಚಿತು, ತಟ್ಟೆ ದಾಟಿತು, ಮೇಜಿನ ಅಂಚಿನಿಂದ ಇಳಿಯಿತು. ಹೂಜಿಯೊಳಗಿನ ಬಿಂಬಕ್ಕೂ ಅದನ್ನೇ ಬರೆದಳು, ಕೂದಲೆಳೆಯಂಥ ಕುಂಚದಲ್ಲಿ. ಅದು ಹಗ್ಗದ ಹಾಗೆ ಅವನ ಎದೆಯ ಮುಂದೆ ಬಿತ್ತು.

ಅವನು ಬೆರಳಿಲ್ಲದ ಕೈಯನ್ನು ಅದಕ್ಕೆ ಸುತ್ತಿದ.

ಪಕ್ಕದವಳು ಅವನ ತೋಳು ಹಿಡಿದಳು. ಎಲುಬಿನ ಹಿಡಿತ. "ಮುಟ್ಟಬೇಡ!"

ಚಾಕು ಬಂತು. ಬಣ್ಣ ಕೆರೆಯುವ ಚಾಕು. ಹೊಳಪಿನ ಒಂದು ಗೋಡೆ ಮೇಲಿಂದ ಇಳಿಯಿತು. ಟೋಪಿ ಹೋಯಿತು. ತಲೆಯೆಲ್ಲ ಸಿಡಿಯಿತು. ಹೆಗಲು ಕಿತ್ತು ಬಂತು. ಅವನು ಎಳೆದ. ಅವಳು ಎಳೆದಳು. ಸಿಪ್ಪೆ ಎಳೆಯಿತು. ಹಸಿ ಹಳದಿಯೂ ಹಸಿ ಮೈಬಣ್ಣವೂ ಒಂದರೊಳಗೊಂದು ಕಲೆಸಿದವು. ಚಾಕು ಮತ್ತೊಮ್ಮೆ ಇಳಿಯಿತು.

ತೋಬಿಯಸ್ ಚಿತ್ರಶಾಲೆಯ ನೆಲದ ಮೇಲೆ ಬಿದ್ದಿದ್ದ. ಮೀನಿನ ವಾಸನೆ. ಗಂಟೆಯ ಸದ್ದು. ಬಾಯಿ ತೆರೆದು ಕೂಗಿದ. ಕೂಗು ಬಂತು.

ಫೆಮ್ಮೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ತುಂಡು ರೊಟ್ಟಿಯನ್ನು ತಾನು ಕಚ್ಚಿ, ಉಳಿದದ್ದನ್ನು ಅವನ ಬಾಯಿಗೆ ತುರುಕಿದಳು. "ತಿನ್ನು. ಎಂಜಲೇ ತಿನ್ನು, ಮುಂಡೇದೇ. ಕೋಳಿಗೆ ಕೈ ಮುಗೀತೀಯಾ ಈಗ?" ಬೈಯುತ್ತಲೇ ಅಳುತ್ತಿದ್ದಳು.

ಅವನು ರೊಟ್ಟಿ ಹಿಡಿಯಲು ಬಲಗೈ ಎತ್ತಿದ. ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ. ಗಾಯವಿಲ್ಲ, ರಕ್ತವಿಲ್ಲ. ಬಣ್ಣ ಹಚ್ಚದೆ ಬಿಟ್ಟ ಹಲಗೆಯ ಹಾಗೆ ನುಣುಪು.

ಚಿತ್ರದಲ್ಲಿ, ಹೂಜಿಯ ಹೊಟ್ಟೆಯಲ್ಲಿ, ಕುರ್ಚಿ ಖಾಲಿಯಿತ್ತು. ನಿಂಬೆಯ ಸಿಪ್ಪೆಗೆ ಸುತ್ತಿಕೊಂಡ ಒಂದು ಪುಟ್ಟ ಕೈ ಮಾತ್ರ ಉಳಿದಿತ್ತು.

"ಅದನ್ನೂ ಕೆರೀರಿ ಅಮ್ಮಾವ್ರೇ."

"ಎರಡೂ ಬಣ್ಣ ಕಲೆಸಿಹೋಗಿದೆ. ಸಿಪ್ಪೆ ಕೆರೆದ್ರೆ ಊಟ ಮತ್ತೆ ಇಡೀ ಆಗುತ್ತೆ." ಆಲೀದಾ ಚಾಕುವನ್ನು ಒರೆಸುತ್ತ ನಿಂತಳು. "ನಿನ್ನನ್ನಾದ್ರೂ ಕೆರೆದು ತೆಗೆಯೋಕಾಯ್ತು. ನನ್ನ ಯಜಮಾನ್ರು ಬರೆದ ಚಿತ್ರಾನ ನಾನು ಮಾರಿಬಿಟ್ಟಿದ್ದೆ. ಅವ್ರು ಕಾಣ್ತಿಲ್ಲ ಅಂತ ಊರೆಲ್ಲ ಹುಡುಕ್ತಾ, ಹುಡುಕೋ ಖರ್ಚಿಗೆ ಅಂತ ಮಾರ್ದೆ. ಹೂಜಿಯೊಳಗೆ ನೋಡ್ಬೇಕು ಅಂತ ಆಗ ಯಾರಿಗೆ ಗೊತ್ತಿತ್ತು? ಜೀಲಂಡಿನ ವ್ಯಾಪಾರಿ ಒಬ್ಬ ಕೊಂಡ. ಹೆಸರು ಕೂಡ ಕೇಳ್ಲಿಲ್ಲ. ಯಾರದೋ ಊಟದ ಕೋಣೇಲಿ, ಜನ ಉಣ್ಣೋದನ್ನ ನೋಡ್ತಾ ಕೂತಿದಾರೆ."

ಸಂತ ಲೂಕನ ಹಬ್ಬದ ದಿನ ಸಂಘದ ಹಿರಿಯರು ಮೂವರು ಬಂದರು. ತೋಬಿಯಸ್ ಬಲ ತೋಳನ್ನು ಅಂಗಿಯೊಳಗೆ ಸೇರಿಸಿ ನಿಂತಿದ್ದ. ಜ್ವರದಲ್ಲಿ ಕೈ ಹೋಯಿತೆಂದು ಹೇಳಿಯಾಗಿತ್ತು. ಅವರು ನಿಂಬೆಯನ್ನು ಕಂಡು ಬಾಯಿ ಚಪ್ಪರಿಸಿದರು.

"ಹೂಜೀಲಿ ಆ ಪುಟ್ಟ ಕೈ ಇದೆಯಲ್ಲ," ಅಂದರು ಒಬ್ಬರು, "ಅದರ ಅರ್ಥ ಏನಪ್ಪ?"

"ಆಸೆ ಕಣ್ರೀ," ಅಂದರು ಇನ್ನೊಬ್ಬರು. "ಲೋಕದ ಸುಖಕ್ಕೆ ಅಂಟಿಕೊಂಡ ಆಸೆ. ಎಷ್ಟು ಚೆನ್ನಾಗಿ ಹೇಳಿದಾನೆ ನೋಡಿ!"

"ಹೌದು, ಹಾಗೇ," ಅಂದಳು ಆಲೀದಾ.

ಒಪ್ಪಿಗೆಯಾಯಿತು. ಎರಡು ಚಿತ್ರಕ್ಕೆ ಈಗಲೇ ಹೇಳಿಬಿಡಲೇ ಎಂದು ಮೂರನೆಯವರು ನಗುತ್ತ ಕೇಳಿದರು. ತೋಬಿಯಸ್ ಬಲ ತೋಳನ್ನು ಅಂಗಿಯೊಳಗೆ ಇನ್ನಷ್ಟು ಒಳಕ್ಕೆ ತಳ್ಳಿಕೊಂಡ. ಅವರು ಹೋದ ಮೇಲೆ ಆಲೀದಾ ಆ ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟಳು. ಮಾರುವಂತಿರಲಿಲ್ಲ, ಒಬ್ಬ ಮನುಷ್ಯನ ಕೈ ಅದರಲ್ಲಿತ್ತು. ಕೆಲವೊಮ್ಮೆ ಊಟಕ್ಕೆ ಕೂತಾಗ ತೋಬಿಯಸ್‌ನ ಇಲ್ಲದ ಬೆರಳುಗಳಿಗೆ ನಿಂಬೆಯ ತಣ್ಣನೆಯ ತೇವ ತಾಗುತ್ತಿತ್ತು. ಒಮ್ಮೊಮ್ಮೆ, ಬೇರೊಂದು ಕೈ.

ಹಬ್ಬದ ಮಾರನೆಯ ಬೆಳಿಗ್ಗೆ ಅವನು ಒಳಜೇಬಿನ ಕಾಗದ ತೆಗೆದ. 'ಅಕ್ಕಾ, ನಾನು ಗುರುವಾದೆ.' ಈಗ ಅದು ನಿಜ. ದಿನಾಂಕ ತುಂಬಿದರೆ ಮುಗಿಯಿತು. ಅವನು ಬಹಳ ಹೊತ್ತು ನೋಡಿ, ಆ ಸಾಲನ್ನು ಹೊಡೆದುಹಾಕಿದ. ಕೆಳಗೆ ಎಡಗೈಯಲ್ಲಿ, ಆಗ ತಾನೆ ಅಕ್ಷರ ಕಲಿತವರ ಹಾಗೆ ಒತ್ತಿ ಒತ್ತಿ ಬರೆದ:

'ಅಕ್ಕಾ, ನೀನು ತೊಳೆಯುವ ಊಟದ ಕೋಣೆಗಳಲ್ಲಿ ಯಾವ ಚಿತ್ರದಲ್ಲಾದರೂ ಊಟ ಮುಟ್ಟದೆ ಇಡಿಯಾಗಿದ್ದರೆ, ಬೆಳ್ಳಿ ಪಾತ್ರೆಯ ಹೊಟ್ಟೆಯಲ್ಲಿ ಮನುಷ್ಯನಿದ್ದಾನೋ ನೋಡು. ಇದ್ದರೆ ಯಾರಿಗೂ ಹೇಳಬೇಡ, ನನಗೆ ಬರಿ, ನಾವು ಬರುತ್ತೇವೆ. ಇನ್ನೊಂದು ಮಾತು. ಇದನ್ನು ನಾನು ಆಗಲೇ ಕೇಳಬೇಕಿತ್ತು. ನಿನ್ನ ಊಟ ಆಯ್ತಾ? ಸುಳ್ಳು ಹೇಳಬೇಡ.'

ಆಲೀದಾ ಅರಗು ಕರಗಿಸಿ ಮುದ್ರೆ ಒತ್ತಿಕೊಟ್ಟಳು. ಒಂದೇ ಕೈಯಲ್ಲಿ ಅದು ಆಗುವ ಕೆಲಸವಲ್ಲ. ತೋಬಿಯಸ್ ಕಾಲುವೆಯ ಕಟ್ಟೆಗೆ ಹೋದ. ದೋಣಿಯವನು ಅರ್ಧ ತಿಂದ ರೊಟ್ಟಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಕಾಗದ ಇಸಿದುಕೊಂಡು ಚೀಲಕ್ಕೆ ಹಾಕಿದ. ಗಂಟೆ ಬಾರಿಸಿತು. ಕುದುರೆ ಹಗ್ಗ ಎಳೆಯಿತು.